ಬೆಳ್ಳುಳ್ಳಿ ಫ್ರೈಸ್, ಹೋರಿ ಬೀಜ, ಹುರಿದ ಮಿಡತೆ: ಬೇಸ್‌ಬಾಲ್ ಮೈದಾನಕ್ಕೆ ಹೊರಟವರ ಪ್ರಶ್ನೆಗಳು

ಅಮೆರಿಕಕ್ಕೆ ಹೋದರೆ ಬರೀ ಮಾಲ್ ಸುತ್ತಬೇಡಿ, ಒಂದು ಬೇಸ್‌ಬಾಲ್ ಮ್ಯಾಚ್ ನೋಡಿ ಬನ್ನಿ, ಆಟಕ್ಕಲ್ಲದಿದ್ದರೂ ಅಲ್ಲಿನ ತಿಂಡಿಗಾದರೂ ಹೋಗಿ ಅಂತ ಹಿಂದಿನ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬಿಸಿವೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸಿ ಕೂತಿರುವ ಮನೆಗಳು ಎಷ್ಟಿವೆ ಅಂತ ಈಗ ಗೊತ್ತಾಯಿತು. ಹೆಚ್ಚಿನವರು ಕೇಳಿರುವುದು ಆಟದ ಬಗ್ಗೆ ಅಲ್ಲ, ಹೊಟ್ಟೆಯ ಬಗ್ಗೆ. ನನಗೂ ಅದೇ ಇಷ್ಟ.

ಪ್ರ: ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಅಳಿಯಂದಿರು ಒಂದು ಸಂಜೆ ಬೇಸ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾರೆ. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಷ್ಟು ಹೊತ್ತು ಉಪವಾಸ ಕೂರಬೇಕಾ?
(ನಿವೃತ್ತ ಶಿಕ್ಷಕಿ, ಹಾಸನ)

ಉ: ಉಪವಾಸ ಖಂಡಿತ ಬೇಡ ಟೀಚರ್. ಆದರೆ ಮೊಟ್ಟೆಯೂ ಇಲ್ಲ ಅಂದಿದ್ದೀರಲ್ಲ, ಅದಕ್ಕೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಅಳಿಯಂದಿರು ಹೇಳುತ್ತಿರುವುದು ಒರಾಕಲ್ ಪಾರ್ಕ್, ಜೈಂಟ್ಸ್ ತಂಡದ ಮೈದಾನ. 2000ದಲ್ಲಿ ಶುರುವಾದದ್ದು. ಸಮುದ್ರದ ಕೊಲ್ಲಿಗೆ ಅಂಟಿಕೊಂಡೇ ಇದೆ. ಬಲಗಡೆಯ ಗೋಡೆ ದಾಟಿ ದೂರಕ್ಕೆ ಹೊಡೆದ ಚೆಂಡು ನೇರ ನೀರಿಗೆ ಬೀಳುತ್ತದೆ, ಅದನ್ನು ಎತ್ತಿಕೊಳ್ಳಲು ಜನ ಸಣ್ಣ ದೋಣಿಗಳಲ್ಲಿ ಕಾದು ಕೂತಿರುತ್ತಾರೆ. ವಿಲ್ಲಿ ಮೆಕೋವಿ ಅಂತ ಹಳೆಯ ದೊಡ್ಡ ಆಟಗಾರ, ಆ ನೀರಿಗೆ ಅವರದೇ ಹೆಸರು.

ಈ ಮೈದಾನದಲ್ಲಿ ಹೆಸರು ಮಾಡಿರುವ ತಿಂಡಿ ಗಾರ್ಲಿಕ್ ಫ್ರೈಸ್. ಆಲೂಗಡ್ಡೆಯನ್ನು ಉದ್ದಕ್ಕೆ ಹೆಚ್ಚಿ ಕರಿದು, ಬಿಸಿ ಬಿಸಿ ಇರುವಾಗಲೇ ಹೆಚ್ಚಿದ ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಪಾರ್ಸ್ಲಿ ಸೊಪ್ಪು ಹಾಕಿ ಕುಲುಕಿ ಕೊಡುತ್ತಾರೆ. ಬೆಳ್ಳುಳ್ಳಿ ಅಂದರೆ ಲೆಕ್ಕಕ್ಕೆ ಒಂದು ಚಿಟಿಕೆ ಅಲ್ಲ, ಒಂದೊಂದು ತುಂಡಿಗೂ ಮೆತ್ತಿಕೊಂಡಿರುತ್ತದೆ. ಎರಡು ಸಾಲು ಆಚೆ ಯಾರಾದರೂ ತಿಂದರೂ ನಿಮಗೆ ವಾಸನೆ ಬರುತ್ತದೆ. ಆ ಊರಿನಿಂದ ದಕ್ಷಿಣಕ್ಕೆ ಗಿಲ್ರಾಯ್ ಅಂತ ಇನ್ನೊಂದು ಊರಿದೆ, ಬೆಳ್ಳುಳ್ಳಿಗೇ ಹೆಸರುವಾಸಿ. ಹಾಗಾಗಿ ಈ ತಿಂಡಿ ಅಲ್ಲಿ ಹುಟ್ಟಿ ಬೆಳೆದದ್ದರಲ್ಲಿ ಆಶ್ಚರ್ಯ ಇಲ್ಲ. ಆಲೂಗಡ್ಡೆ ಸೀಮೆಯಿಂದ ಹೋದವರು ನೀವು, ತಿಂದು ನೋಡಿ ತೀರ್ಪು ಹೇಳಿ.

ಆದರೆ ಒಂದು ಮಾತು. ಕರಿಯುವ ಎಣ್ಣೆ ಬೇರೆ ಇದೆಯಾ ಅಂತ ಕೇಳಿಕೊಳ್ಳಿ. ಎಷ್ಟೋ ಅಂಗಡಿಗಳಲ್ಲಿ ಚಿಕನ್ ಕರಿದ ಎಣ್ಣೆಯಲ್ಲೇ ಫ್ರೈಸನ್ನೂ ಕರಿಯುತ್ತಾರೆ. ಕೇಳಲು ನಾಚಿಕೆ ಬೇಡ, ಅವರಿಗೆ ಇದು ದಿನಾ ಬರುವ ಪ್ರಶ್ನೆ. ಉದ್ದ ಬನ್ನಿನೊಳಗೆ ತರಕಾರಿಯ ಸಾಸೇಜ್ ಇಟ್ಟ ವೆಜಿ ಡಾಗ್ ತಗೊಳ್ಳುವುದಾದರೂ ಹೀಗೇ. ಒಳಗಿನ ತುಂಡು ತರಕಾರಿಯದ್ದೇ ಇದ್ದರೂ ಅದೇ ಕಾವಲಿಯ ಮೇಲೆ ಮಾಂಸದ ಸಾಸೇಜ್ ಹೊರಳಿಸಿರುತ್ತಾರೆ, ಕೆಲವು ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ. ನಾಚೋಸ್ (ಮೆಕ್ಕೆಜೋಳದ ಚಿಪ್ಸ್) ಜೊತೆ ಬೀನ್ಸ್ ಹಾಕಿಕೊಡುವ ಕಡೆ ಆ ಬೀನ್ಸ್ ಹಂದಿ ಕೊಬ್ಬಿನಲ್ಲಿ ಬೆಂದಿರುವುದೂ ಉಂಟು. ಇದನ್ನು ನಮ್ಮವರು ಯಾರೂ ಹೇಳುವುದಿಲ್ಲ, ಬೀನ್ಸ್ ತಾನೇ ಅಂತ ಬಾಯಿಗೆ ಹಾಕಿಕೊಂಡುಬಿಡುತ್ತಾರೆ. ಚೀಸ್ ಗಟ್ಟಿಯಾಗಲು ಹಾಕುವ ರೆನೆಟ್ ಕೂಡ ಒಮ್ಮೊಮ್ಮೆ ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರುತ್ತದೆ. ಅಷ್ಟು ಕಟ್ಟುನಿಟ್ಟು ಇದ್ದರೆ ಚೀಸಿನ ತಂಟೆಯೇ ಬೇಡ.

ಯೋಚನೆ ಇಲ್ಲದೆ ತಿನ್ನುವಂಥದ್ದು ಸಿಪ್ಪೆ ಸಮೇತ ಹುರಿದ ಕಡಲೆಕಾಯಿ. ಬೇಸ್‌ಬಾಲ್ ಇರುವಲ್ಲೆಲ್ಲ ಅದು ಇರುತ್ತದೆ. ಸಿಪ್ಪೆಯನ್ನು ಕಾಲ ಬುಡದಲ್ಲೇ ಹಾಕುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಪಾಪ್‌ಕಾರ್ನ್ ಇದೆ, ಅದಕ್ಕೆ ಸುರಿಯುವ ಬೆಣ್ಣೆ ನಿಜವಾದ ಬೆಣ್ಣೆ ಆಗಿರುವುದು ಕಡಿಮೆ. ಮೇಲೆ ದಪ್ಪ ಉಪ್ಪಿನ ಹರಳು ಉದುರಿಸಿದ, ಬ್ರೆಡ್ಡಿನಂಥ ಪ್ರೆಟ್ಜೆಲ್ ಇದೆ, ಮೆತ್ತಗಿರುತ್ತದೆ, ಸಾಸಿವೆ ಸಾಸ್ ಹಚ್ಚಿಕೊಂಡು ತಿನ್ನಬೇಕು. ಐಸ್‌ಕ್ರೀಮಿನಲ್ಲಿ ಮೊಟ್ಟೆ ಇದ್ದರೂ ಇರಬಹುದು, ಕೇಳಿ. ಅದನ್ನು ಆಟಗಾರರ ಹೆಲ್ಮೆಟ್ ಆಕಾರದ ಪುಟ್ಟ ಪ್ಲಾಸ್ಟಿಕ್ ಬಟ್ಟಲಲ್ಲಿ ಕೊಡುತ್ತಾರೆ, ತೊಳೆದು ಮೊಮ್ಮಗುವಿಗೆ ಕೊಟ್ಟರೆ ಖುಷಿಪಡುತ್ತದೆ. ಈ ಮೈದಾನದಲ್ಲಿ ಇನ್ನೊಂದು ವಿಶೇಷ. ನಡು ಮೈದಾನದ ಗೋಡೆಯ ಹಿಂದೆ 2014ರಿಂದ ಒಂದು ಕೈತೋಟ ಇದೆ. ಸೊಪ್ಪು, ತರಕಾರಿ ಬೆಳೆಯುತ್ತಾರೆ. ಸಾಲಡ್ ಥರದ್ದು ಬೇಕಿದ್ದರೆ ಆ ಕಡೆ ಹೋಗಿ.

ಇಷ್ಟೆಲ್ಲ ಕೇಳಿ ತಲೆ ಬಿಸಿಯಾಯಿತಾ? ಹಾಗಾದರೆ ಮನೆಯಿಂದಲೇ ಚಪಾತಿ ಪಲ್ಯ ಸುತ್ತಿಕೊಂಡು ಹೋಗಿ. ಅಲ್ಲಿ ಹೊರಗಿನ ತಿಂಡಿ ಬಿಡುತ್ತಾರೆ. ನಮ್ಮ ಕ್ರಿಕೆಟ್ ಸ್ಟೇಡಿಯಂ ಗೇಟಿನಲ್ಲಿ ಬಿಸ್ಕೆಟ್ ಪೊಟ್ಟಣವನ್ನೂ ಕಿತ್ತುಕೊಂಡದ್ದು ನೋಡಿದ ನಮಗೆ ಇದನ್ನು ನಂಬುವುದು ಕಷ್ಟ, ಅಲ್ವಾ? ಬ್ಯಾಗ್ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ಮಾತ್ರ ನಿಯಮ ಇರುತ್ತದೆ, ಅಳಿಯಂದಿರಿಗೆ ಹೇಳಿ ಮೊದಲೇ ನೋಡಿಸಿ. ಮತ್ತೆ ಸ್ವೆಟರ್ ಮರೆಯಬೇಡಿ. ಜೂನ್ ಅಂದರೆ ಬೇಸಿಗೆ ಅಂದುಕೊಂಡು ಹತ್ತಿ ಸೀರೆಯಲ್ಲಿ ಹೋದವರೆಲ್ಲ ಅಲ್ಲಿ ನಡುಗಿದ್ದಾರೆ. ಸಂಜೆಯಾದರೆ ಕೊಲ್ಲಿಯ ಗಾಳಿ ಮೂಳೆಗೆ ಇಳಿಯುತ್ತದೆ.

ಪ್ರ: ಸಾರ್, ಕ್ರಿಕೆಟ್ ಗೊತ್ತಿದ್ದರೆ ಬೇಸ್‌ಬಾಲ್ ಅರ್ಥ ಆಗುತ್ತಾ? ಅರ್ಥ ಆಗದೆ ಸುಮ್ನೆ ಕೂತು ತಿನ್ನುವುದರಲ್ಲಿ ಏನು ಮಜಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು)

ಉ: ಮಲೆನಾಡಿನಲ್ಲಿ ಗದ್ದೆ ಕೊಯ್ಲಾದ ಮೇಲೆ ಅಂಡರ್ ಆರ್ಮ್ ಟೂರ್ನಮೆಂಟ್ ನಡೆಯುತ್ತದಲ್ಲ, ಅಲ್ಲಿಗೆ ಬರುವವರೆಲ್ಲ ಸ್ಕೋರ್ ನೋಡುತ್ತಾರಾ? ಅರ್ಧ ಜನ ಆಮ್ಲೆಟ್ ಗಾಡಿ ಹತ್ತಿರ ಇರುತ್ತಾರೆ.

ಇರಲಿ, ಆಟ ಇಷ್ಟೇ. ಒಂದೊಂದು ತಂಡಕ್ಕೆ ಒಂಬತ್ತು ಇನಿಂಗ್ಸ್. ಮೂರು ಜನ ಔಟಾದರೆ ಇನಿಂಗ್ಸ್ ಮುಗಿಯಿತು. ಚೆಂಡು ನೆಲಕ್ಕೆ ಬಡಿಯದೆ ನೇರ ಬರುತ್ತದೆ. ಎಸೆಯುವವನು 60 ಅಡಿ 6 ಇಂಚು ದೂರದಲ್ಲಿರುತ್ತಾನೆ. ಒಳ್ಳೆಯ ಎಸೆತವನ್ನು ಬಿಟ್ಟರೆ, ಇಲ್ಲವೇ ಬೀಸಿ ತಪ್ಪಿದರೆ ಅದು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ನಾಲ್ಕು ಕೆಟ್ಟ ಎಸೆತ ಆದರೆ ಅವನು ಪುಕ್ಕಟೆಯಾಗಿ ಮೊದಲ ಬೇಸಿಗೆ, ಅಂದರೆ ಓಡುವ ದಾರಿಯ ಮೊದಲ ತಾಣಕ್ಕೆ, ನಡೆದುಕೊಂಡು ಹೋಗುತ್ತಾನೆ. ಹಿಂದಕ್ಕೆ ಹೊಡೆದರೆ ರನ್ ಇಲ್ಲ, ಲೇಟ್ ಕಟ್ ಎಲ್ಲ ಇಲ್ಲಿ ದಂಡ. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಡ್ರಾ ಅನ್ನುವುದಿಲ್ಲ, ಸಮ ಆದರೆ ಇನ್ನೊಂದು ಇನಿಂಗ್ಸ್ ಆಡುತ್ತಾರೆ. ಮೊದಲ ಎರಡು ಇನಿಂಗ್ಸ್ ನೋಡಿದರೆ ಸಾಕು, ಕ್ರಿಕೆಟ್ ಕಣ್ಣು ಉಳಿದದ್ದನ್ನು ತಾನೇ ಹಿಡಿದುಕೊಳ್ಳುತ್ತದೆ.

ಗ್ಯಾಲರಿಗೆ ಬಂದ ಚೆಂಡು ಹಿಡಿದವರದ್ದೇ, ವಾಪಸ್ ಕೊಡಬೇಕಾಗಿಲ್ಲ. ಇದು ನನಗೆ ಬಹಳ ಇಷ್ಟವಾದ ನಿಯಮ. ಆದರೆ ಚೆಂಡು ಗಟ್ಟಿ, ಬರುವ ವೇಗವೂ ಭಯಂಕರ. ಬ್ಯಾಟರ್ ಹಿಂದೆ ಮತ್ತು ಅಕ್ಕಪಕ್ಕ ಬಲೆ ಇದೆ, 2020ರ ಹೊತ್ತಿಗೆ ಅಲ್ಲಿನ ದೊಡ್ಡ ಲೀಗಿನ ಎಲ್ಲ 30 ತಂಡಗಳೂ ಅದನ್ನು ಇನ್ನಷ್ಟು ಉದ್ದ ಮಾಡಿದವು. ಬಲೆ ಇಲ್ಲದ ಕಡೆ ಕೂತರೆ ಮೊಬೈಲ್ ನೋಡುತ್ತಾ ಫ್ರೈಸ್ ತಿನ್ನಬೇಡಿ.

ಇನ್ನೊಂದು ವಿಷಯ ತಿಂಡಿಗೆ ನೇರ ಸಂಬಂಧಪಟ್ಟದ್ದು. ಮೊದಲು ಎಸೆಯುವವನು ಟೋಪಿ ಸರಿ ಮಾಡಿಕೊಂಡು, ಆಕಾಶ ನೋಡಿ, ಮಣ್ಣು ಕೆದಕಿ, ಆಮೇಲೆ ಎಸೆಯುತ್ತಿದ್ದ. 2021ರಲ್ಲಿ ಒಂದು ಆಟಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿತ್ತು. 2023ರಲ್ಲಿ ಗಡಿಯಾರ ಇಟ್ಟರು. ಬೇಸಿನಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನಲ್ಲಿ ಎಸೆಯಲೇಬೇಕು. ಆ ವರ್ಷ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ನೋಡುವವರಿಗೆ ಒಳ್ಳೆಯದೇ, ಆದರೆ ತಿನ್ನುವವರಿಗೆ ಅರ್ಧ ಗಂಟೆ ಹೋಯಿತು. ಬಿಯರ್ ಮಾರುವವರಿಗೂ ಹೋಯಿತು, ಅದಕ್ಕೇ ಏಳನೇ ಇನಿಂಗ್ಸಿಗೆ ನಿಲ್ಲಿಸುತ್ತಿದ್ದ ಮಾರಾಟವನ್ನು ಕೆಲವು ತಂಡಗಳು ಎಂಟರವರೆಗೆ ಎಳೆದವು! ನೀವು ಮಾತ್ರ ಇನಿಂಗ್ಸ್ ಮುಗಿದಾಗ ಎದ್ದು ಹೋಗಬೇಡಿ, ಆಗ ಎಲ್ಲರೂ ಏಳುತ್ತಾರೆ. ಎದುರಾಳಿ ತಂಡ ಬ್ಯಾಟಿಂಗಿಗೆ ಬಂದಾಗ, ಒಬ್ಬ ಔಟಾದ ಮೇಲೆ ಹೋಗಿ. ಸಾಲು ಅರ್ಧ ಇರುತ್ತದೆ. ಏಳನೇ ಇನಿಂಗ್ಸಿನ ನಡುವೆ ಸೀಟಿನಲ್ಲೇ ಇರಿ, ಇಡೀ ಮೈದಾನ ಎದ್ದು ನಿಂತು 1908ರ ಒಂದು ಹಾಡು ಹೇಳುತ್ತದೆ. ಅದರಲ್ಲೂ ಕಡಲೆಕಾಯಿ ತಂದುಕೊಡಿ ಅಂತಲೇ ಕೇಳುವುದು.

ಪ್ರ: ನನ್ನ ಮಗ ಡೆನ್ವರ್‌ನಲ್ಲಿದ್ದಾನೆ. ಮ್ಯಾಚಿಗೆ ಕರೆದುಕೊಂಡು ಹೋಗಿ 'ರಾಕಿ ಮೌಂಟನ್ ಆಯ್ಸ್ಟರ್' ತಿನ್ನಿಸುತ್ತೇನೆ ಅಂತ ನಗುತ್ತಾನೆ. ಯಾಕೆ ನಗುತ್ತಾನೋ ಗೊತ್ತಿಲ್ಲ. ಅದು ಸಮುದ್ರದ ಚಿಪ್ಪಿನೊಳಗೆ ಸಿಗುವ ಮಳಿ ಜಾತಿಯದ್ದಾ?
(ಕಾಫಿ ಬೆಳೆಗಾರರು, ಮೂಡಿಗೆರೆ)

ಉ: ನಗುವುದಕ್ಕೆ ಕಾರಣ ಇದೆ. ಅದು ಮಳಿಯೂ ಅಲ್ಲ, ಮೀನೂ ಅಲ್ಲ, ಹೋರಿಯ ಬೀಜ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ದನ ಕಾಯುವ ರಾಂಚ್‌ಗಳಲ್ಲಿ ಹೋರಿಗಳ ಬೀಜ ತೆಗೆದಾಗ ಅದನ್ನು ಬಿಸಾಡಬಾರದು ಅಂತ ಶುರುವಾದ ಅಡುಗೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಈಗ ಗೊತ್ತಾಯಿತಲ್ಲ, ಮಗ ತಟ್ಟೆ ಮುಂದಿಟ್ಟಾಗ ನೀವೇ ಮೊದಲು ನಕ್ಕುಬಿಡಿ.

ಆ ಮೈದಾನದ ಹೆಸರು ಕೂರ್ಸ್ ಫೀಲ್ಡ್, 1995ರದ್ದು. ಮೇಲಿನ ಗ್ಯಾಲರಿಯಲ್ಲಿ ಎಲ್ಲ ಸೀಟೂ ಹಸಿರು, 20ನೇ ಸಾಲು ಮಾತ್ರ ನೇರಳೆ. ಅದು ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, ಅಂದರೆ 5,280 ಅಡಿ ಎತ್ತರ ಅಂತ ಗುರುತು. ಜನ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿಗೂ ಮೇಲಿದೆ ಅಂತ ಮಗನಿಗೆ ನೆನಪಿಸಿ. ಎತ್ತರದಲ್ಲಿ ಗಾಳಿ ತೆಳು, ತಡೆ ಕಡಿಮೆ, ಚೆಂಡು ಬೇರೆ ಊರಿಗಿಂತ ದೂರ ಹಾರುತ್ತದೆ. ರನ್ ಸುರಿಮಳೆ ತಡೆಯಲಾರದೆ 2002ರಿಂದ ಚೆಂಡುಗಳನ್ನು ತೇವ ಹದವಾಗಿರುವ ಕೋಣೆಯಲ್ಲಿ ಇಟ್ಟು ಆಮೇಲೆ ಆಟಕ್ಕೆ ತರುತ್ತಾರೆ. ಕಾಫಿ ಬೀಜದ ತೇವ ನೋಡಿ ಮೂಟೆ ಕಟ್ಟುವ ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಪ್ರ: ಅಲ್ಲಿ ಒಳ್ಳೆಯ ಕಾಫಿ ಸಿಗುತ್ತಾ?
(ಓದುಗರು, ಬಾಳೆಹೊನ್ನೂರು)

ಉ: ಇಲ್ಲ.

ದೊಡ್ಡ ಲೋಟದಲ್ಲಿ ಕಪ್ಪು ನೀರು ಸಿಗುತ್ತದೆ. ರಾತ್ರಿ ಚಳಿಯಾದರೆ ಹಾಟ್ ಚಾಕೊಲೇಟ್ ವಾಸಿ.

ಪ್ರ: ನಾಲ್ಕು ಜನ ಮೈದಾನಕ್ಕೆ ಹೋದರೆ ಖರ್ಚು ಬಹಳ ಆಗುತ್ತದೆ ಅಂತ ಸೊಸೆ ಹಿಂದೇಟು ಹಾಕುತ್ತಿದ್ದಾಳೆ. ಕಡಿಮೆಯಲ್ಲಿ ಮುಗಿಸುವ ದಾರಿ ಇದೆಯಾ?
(ಗೃಹಿಣಿ, ಹೊಳೆನರಸೀಪುರ)

ಉ: ನಿಮ್ಮ ಸೊಸೆ ಹೇಳುವುದರಲ್ಲಿ ತಪ್ಪಿಲ್ಲ ಅಮ್ಮ. ಟಿಕೆಟ್ ಅಗ್ಗಕ್ಕೆ ಸಿಕ್ಕರೂ ಒಳಗೆ ಹೋದ ಮೇಲೆ ಜೇಬು ಖಾಲಿ ಮಾಡುವುದು ಪಾರ್ಕಿಂಗು, ಬಿಯರು, ತಂಪು ಪಾನೀಯ. ಸೋಮವಾರದಿಂದ ಗುರುವಾರದ ಒಳಗೆ, ದುರ್ಬಲ ಎದುರಾಳಿ ಬಂದಿರುವ ದಿನ, ಮೇಲಿನ ಗ್ಯಾಲರಿ ಟಿಕೆಟ್ ತಗೊಳ್ಳಿ. ಒಂದೊಂದು ತಂಡ ಒಂದು ಸೀಸನ್ನಿನಲ್ಲಿ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತನ್ನ ಊರಲ್ಲೇ. ಇಷ್ಟು ಪಂದ್ಯಗಳಿಗೆ ಪ್ರತಿ ದಿನ ಮೈದಾನ ತುಂಬುವುದಿಲ್ಲ. ಮೇಲೆ ಕೂತರೆ ಆಟ ಚೆನ್ನಾಗಿಯೇ ಕಾಣುತ್ತದೆ, ಸೀಟಿನ ದುಡ್ಡು ಉಳಿಸಿ ಬಾಯಿಗೆ ಹಾಕುವುದು ನನ್ನ ಪದ್ಧತಿ.

ಹೊರಗಿನ ತಿಂಡಿ ಬಿಡುವ ಮೈದಾನಗಳು ಸುಮಾರಿವೆ. ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ, ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ಎರಡರಲ್ಲೂ ಬಿಡುತ್ತಾರೆ. ಸೀಲ್ ಒಡೆಯದ ನೀರಿನ ಬಾಟಲಿಯನ್ನೂ ಒಯ್ಯಬಹುದು. ಚಿತ್ರಾನ್ನ ಒಯ್ಯಿರಿ, ಜೊತೆಗೆ ಅಲ್ಲಿಯ ವಿಶೇಷ ಒಂದನ್ನೇ ಕೊಂಡು ನಾಲ್ಕು ಜನ ಹಂಚಿಕೊಳ್ಳಿ. ಎಲ್ಲರಿಗೂ ಒಂದೊಂದು ತಟ್ಟೆ ತಂದರೆ ಅರ್ಧ ಕಸದ ಡಬ್ಬಿಗೆ ಹೋಗುತ್ತದೆ, ಅಲ್ಲಿಯ ಪ್ರಮಾಣ ಹಾಗಿರುತ್ತದೆ. ಟೆಕ್ಸಾಸ್‌ನ ಆರ್ಲಿಂಗ್ಟನ್ ಮೈದಾನದಲ್ಲಿ 2012ರಲ್ಲಿ ಎರಡು ಅಡಿ ಉದ್ದದ ಹಾಟ್ ಡಾಗ್ ತಂದರು, ಯೋಚನೆ ಮಾಡಿ! ಅದೇ ಆರ್ಲಿಂಗ್ಟನ್‌ನಲ್ಲೇ, ಆಗಿದ್ದ ಹಳೆಯ ಸ್ಟೇಡಿಯಮ್ಮಿನಲ್ಲಿ, 1976ರಲ್ಲಿ ಫ್ರ್ಯಾಂಕ್ ಲಿಬರ್ಟೋ ಎಂಬ ವ್ಯಾಪಾರಿ ಪಂಪಿನಿಂದ ಸುರಿಯುವ ಚೀಸ್ ಸಾಸ್ ಜೊತೆ ನಾಚೋಸ್ ಮಾರಲು ಶುರು ಮಾಡಿದ್ದು. ಒಲೆ ಬೇಡ, ಕಾಯುವುದು ಬೇಡ, ಒಂದು ಒತ್ತು ಒತ್ತಿದರೆ ತಟ್ಟೆ ರೆಡಿ. ಮೇಲೆ ಹಾಕುವ ಹಲಪೇನ್ಯೋ ಮೆಣಸಿನಕಾಯಿ ಬಾಯಾರಿಕೆ ತರಿಸುತ್ತದೆ, ಬಾಯಾರಿದವರು ಪಾನೀಯ ಕೊಳ್ಳುತ್ತಾರೆ. ವ್ಯಾಪಾರ ಅಂದರೆ ಇದು.

ಇನ್ನೂ ಅಗ್ಗ ಬೇಕೆಂದರೆ ದೊಡ್ಡ ಲೀಗ್ ಬಿಟ್ಟು ಮೈನರ್ ಲೀಗ್ ನೋಡಿ. ದೊಡ್ಡ ತಂಡಗಳ ಕೈಕೆಳಗೆ ಹುಡುಗರನ್ನು ತಯಾರು ಮಾಡುವ 120 ತಂಡಗಳು ಸಣ್ಣ ಸಣ್ಣ ಊರುಗಳಲ್ಲಿವೆ. ನಾರ್ತ್ ಕ್ಯಾರೊಲೈನಾದ ಡರ್ಹಮ್ ಬುಲ್ಸ್ ಅಂಥದ್ದೊಂದು, ಆ ಕಡೆ ಕನ್ನಡದವರೂ ಬೇಕಾದಷ್ಟಿದ್ದಾರೆ. ಸೀಟು ಹತ್ತಿರ, ಆಟಗಾರರು ಮಕ್ಕಳಿಗೆ ಕೈಗೆ ಸಿಗುತ್ತಾರೆ, ಬಿಲ್ಲು ನೋಡಿ ಎದೆ ಒಡೆಯುವುದಿಲ್ಲ. ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ.

ಪ್ರ: ಕಂಪನಿ ಕೆಲಸದ ಮೇಲೆ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದೇನೆ. ನಾನ್‌ವೆಜ್ ಎಲ್ಲ ನಡೆಯುತ್ತದೆ. ರಜೆ ಹಾಕಿ ಮೈದಾನ ಸುತ್ತಬೇಕು ಅಂತಿದೆ. ಯಾವುದು ನೋಡಲಿ, ಏನು ತಿನ್ನಲಿ?
(ಸಾಫ್ಟ್‌ವೇರ್ ಉದ್ಯೋಗಿ, ಸಕಲೇಶಪುರ)

ಉ: ಪೂರ್ವ ಕರಾವಳಿ ಹಿಡಿಯಿರಿ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್ ಐದೂ ಒಂದೇ ರೈಲು ದಾರಿಯಲ್ಲಿ ಸಿಗುತ್ತವೆ, ಕಾರು ಬೇಡ. ಟಿಕೆಟ್ ಮಾಡಿಸುವ ಮೊದಲು ವೇಳಾಪಟ್ಟಿ ನೋಡಿ. ತಂಡ ಅರ್ಧ ಸೀಸನ್ ಬೇರೆ ಊರಲ್ಲಿರುತ್ತದೆ, ನೀವು ಹೋದ ವಾರ ಗೇಟಿಗೆ ಬೀಗ ಇದ್ದರೆ ಏನು ಮಾಡುತ್ತೀರಿ?

ನಾನು ಹೇಳುವುದು ಒಂದೇ ಮಾತು: ಎಲ್ಲ ಮೈದಾನದಲ್ಲೂ ಸಿಗುವುದನ್ನು ತಿನ್ನಬೇಡಿ, ಆ ಊರಿನದನ್ನು ತಿನ್ನಿ. ಬರ್ಗರ್, ಪಿಜ್ಜಾ, ಚಿಕನ್ ತುಂಡು ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ.

ಬಾಸ್ಟನ್ನಿನ ಫೆನ್ವೇ ಪಾರ್ಕ್‌ನಿಂದ ಶುರು ಮಾಡಿ. 1912ರ ಏಪ್ರಿಲ್‌ನಲ್ಲಿ ತೆರೆದದ್ದು, ದೊಡ್ಡ ಲೀಗಿನಲ್ಲಿ ಇದಕ್ಕಿಂತ ಹಳೆಯದಿಲ್ಲ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ ನಿಂತಿದೆ, ಗ್ರೀನ್ ಮಾನ್ಸ್ಟರ್ ಅನ್ನುತ್ತಾರೆ. ಕೆಲವು ಸೀಟುಗಳ ಮುಂದೆ ಕಂಬ ಅಡ್ಡ ಬರುತ್ತದೆ, ಹಳೇ ಕಟ್ಟಡ ಅಲ್ವಾ, ಟಿಕೆಟ್ ತಗೊಳ್ಳುವಾಗ ಅದನ್ನು ನೋಡಿಕೊಳ್ಳಿ. ಒಳಗೆ ಫೆನ್ವೇ ಫ್ರ್ಯಾಂಕ್ ಅನ್ನುವ ಹಾಟ್ ಡಾಗ್ ಹೆಸರಾಗಿದೆ. ಆದರೆ ನನ್ನ ಓಟು ಹೊರಗಿನ ಬೀದಿ ಗಾಡಿಗೆ. ದಪ್ಪ ಸಾಸೇಜನ್ನು ಕಾವಲಿ ಮೇಲೆ ಒತ್ತಿ ಸುಡುತ್ತಾನೆ, ಪಕ್ಕದಲ್ಲೇ ಈರುಳ್ಳಿ, ದಪ್ಪ ಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಅದೇ ಕೊಬ್ಬಿನಲ್ಲಿ ಬಾಡಿಸುತ್ತಾನೆ, ಬನ್ನನ್ನು ಸೀಳಿ ಎಲ್ಲವನ್ನೂ ಒಟ್ಟಿಗೆ ತುರುಕಿ ಕೊಡುತ್ತಾನೆ. ತಿನ್ನುವಾಗ ಮುಂದಕ್ಕೆ ಬಗ್ಗಿ ನಿಲ್ಲಬೇಕು, ಇಲ್ಲದಿದ್ದರೆ ಅಂಗಿ ಕೆಟ್ಟಿತು ಅಂತಲೇ ಲೆಕ್ಕ.

ನ್ಯೂಯಾರ್ಕಿನಲ್ಲಿ ಎರಡು ಮೈದಾನ, ಎರಡೂ 2009ರಲ್ಲಿ ಹೊಸದಾಗಿ ಬಂದವು, ಎರಡಕ್ಕೂ ಮೆಟ್ರೋ ರೈಲು ಬಾಗಿಲವರೆಗೆ ಹೋಗುತ್ತದೆ. ಯಾಂಕಿ ಸ್ಟೇಡಿಯಂ ಹೆಸರಿಗೆ ದೊಡ್ಡದು. ತಿಂಡಿಗೆ ಮಾತ್ರ ಮೆಟ್ಸ್ ತಂಡದ ಸಿಟಿ ಫೀಲ್ಡ್ ಮೇಲು. ಫಿಲಡೆಲ್ಫಿಯಾದಲ್ಲಿ ಚೀಸ್‌ಸ್ಟೇಕ್ ತಿನ್ನದೆ ಬರಬೇಡಿ, ತೆಳ್ಳಗೆ ಹೆಚ್ಚಿದ ಬೀಫ್ ಮೇಲೆ ಚೀಸ್ ಕರಗಿಸಿ ಉದ್ದ ಬ್ರೆಡ್ಡಿನಲ್ಲಿ ಕೊಡುತ್ತಾರೆ.

ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ನನಗೆ ಎಲ್ಲಕ್ಕಿಂತ ಇಷ್ಟ. 1992ರದ್ದು. ಅದಕ್ಕೆ ಮುಂಚೆ ಊರಾಚೆ ದುಂಡಗಿನ ಕಾಂಕ್ರೀಟ್ ಸ್ಟೇಡಿಯಂ ಕಟ್ಟುವುದೇ ರೂಢಿಯಾಗಿತ್ತು. ಇವರು ಊರ ಮಧ್ಯೆ, ಹಳೇ ರೈಲ್ವೆ ಗೋದಾಮಿನ ಪಕ್ಕ, ಇಟ್ಟಿಗೆಯಲ್ಲಿ ಕಟ್ಟಿದರು. ಆಮೇಲೆ ಎಲ್ಲರೂ ಇದನ್ನೇ ನಕಲು ಹೊಡೆದರು. ಗೋದಾಮಿಗೂ ಗ್ಯಾಲರಿಗೂ ಮಧ್ಯೆ ಯೂಟಾ ಸ್ಟ್ರೀಟ್ ಇದೆ. ಆ ತಂಡದ ಹಳೆಯ ಆಟಗಾರ ಬೂಗ್ ಪವೆಲ್ ಹೆಸರಿನ ಬಾರ್ಬೆಕ್ಯೂ ಅಂಗಡಿಯ ಹೊಗೆ ಇಡೀ ಬೀದಿ ತುಂಬಿರುತ್ತದೆ. ಕೆಂಡದ ಮೇಲೆ ಸುಟ್ಟ ಬೀಫನ್ನು ತೆಳ್ಳಗೆ ಕೊಯ್ದು ಬನ್ನಿನಲ್ಲಿ ಇಟ್ಟು ಕೊಡುತ್ತಾರೆ, ಅದು ಆ ಊರಿನ ವಿಶೇಷ. ತಿನ್ನುತ್ತಾ ನೆಲ ನೋಡಿಕೊಂಡು ನಡೆಯಿರಿ. ಗೋಡೆ ದಾಟಿ ಬೀದಿಗೆ ಬಿದ್ದ ಚೆಂಡುಗಳ ಜಾಗದಲ್ಲೆಲ್ಲ ಸಣ್ಣ ಹಿತ್ತಾಳೆ ಫಲಕ ಹುಗಿದಿದ್ದಾರೆ, ಹೊಡೆದವನ ಹೆಸರೂ ಅದರಲ್ಲಿದೆ.

ಇನ್ನೆರಡು ದಿನ ಉಳಿದರೆ ವಿಮಾನ ಹತ್ತಿ ಷಿಕಾಗೋಗೆ ಹೋಗಿ. ರಿಗ್ಲಿ ಫೀಲ್ಡ್ 1914ರದ್ದು. ಗೋಡೆ ತುಂಬ ಬಳ್ಳಿ, 1937ರಲ್ಲಿ ನೆಟ್ಟದ್ದು. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಎರಡೂ ಕೈ ಎತ್ತಿ ನಿಲ್ಲುತ್ತಾನೆ, ಬ್ಯಾಟರ್‌ಗೆ ಎರಡು ಬೇಸ್ ಕೊಡುತ್ತಾರೆ. 1988ರವರೆಗೆ ಅಲ್ಲಿ ದೀಪವೇ ಇರಲಿಲ್ಲ, ಎಲ್ಲ ಆಟವೂ ಹಗಲಲ್ಲೇ. ಷಿಕಾಗೋ ಹಾಟ್ ಡಾಗ್ ಅಂದರೆ ಗಸಗಸೆ ಹಚ್ಚಿದ ಬನ್ನು, ಸಾಸಿವೆ ಸಾಸ್, ಹಸಿ ಈರುಳ್ಳಿ, ಕಣ್ಣು ಕುಕ್ಕುವ ಹಸಿರು ರೆಲಿಶ್ (ಉಪ್ಪಿನಕಾಯಿ ಥರದ್ದು), ಟೊಮೆಟೊ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಪುಟ್ಟ ಮೆಣಸಿನಕಾಯಿ, ಕೊನೆಗೆ ಸೆಲರಿ ಉಪ್ಪು. ಕೆಚಪ್ ಮಾತ್ರ ಕೇಳಬೇಡಿ. ಕೇಳಿದರೆ ಮಸಾಲೆ ದೋಸೆಗೆ ಜಾಮ್ ಕೇಳಿದವರನ್ನು ನೋಡಿದ ಹಾಗೆ ನೋಡುತ್ತಾರೆ.

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಎಚ್ಚರಿಕೆ. ಷಿಕಾಗೋ ಡಾಗ್ ಪೂರ್ತಿ ಬೀಫ್. ಲಾಸ್ ಏಂಜಲೀಸ್‌ನ ಹತ್ತು ಇಂಚಿನ ಡಾಡ್ಜರ್ ಡಾಗ್‌ನಲ್ಲಿ ಹಂದಿ ಮಾಂಸದ್ದೂ ಇದೆ, ಬೀಫಿನದ್ದೂ ಇದೆ. ನಾನ್‌ವೆಜ್ ತಿನ್ನುತ್ತೇವೆ, ಆದರೆ ಇವೆರಡು ನಡೆಯುವುದಿಲ್ಲ ಅನ್ನುವವರು ನಮ್ಮಲ್ಲಿ ಬಹಳ. ಬಾಯಿಗಿಡುವ ಮುಂಚೆ ಏನು ಮಾಂಸ ಅಂತ ಕೇಳಿಬಿಡಿ.

ಪ್ರ: ಅಲ್ಲಿ ಮೈದಾನದಲ್ಲಿ ಮಿಡತೆ ಹುರಿದು ಮಾರುತ್ತಾರಂತೆ. ಗೆಳೆಯ ಬಾಜಿ ಕಟ್ಟಿದ್ದಾನೆ. ನಿಜವಾ?
(ಹೆಸರು ಬೇಡ, ಕಡೂರು)

ಉ: ನಿಜ, ಬಾಜಿ ಕೊಟ್ಟುಬಿಡಿ. ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್‌ನಲ್ಲಿ 2017ರಿಂದ ಮಾರುತ್ತಾರೆ. ಮೆಕ್ಸಿಕೋದ ಅಡುಗೆ ಅದು, ಚಪುಲೀನೆಸ್ ಅನ್ನುತ್ತಾರೆ. ಹುರಿದ ಮಿಡತೆಗೆ ಖಾರ, ಉಪ್ಪು, ನಿಂಬೆ. ಮೊದಮೊದಲು ಎಲ್ಲ ಬೇಗ ಬೇಗ ಖರ್ಚಾಗಿ, ಒಂದು ಆಟಕ್ಕೆ 312 ಪೊಟ್ಟಣ ಮಾತ್ರ ಅಂತ ಮಿತಿ ಹಾಕಿದರು. ಅದೇನು 312 ಅಂದರೆ, ಆ ಊರಿನ ಪ್ರೀತಿಯ ಆಟಗಾರ ಎಡ್ಗರ್ ಮಾರ್ಟಿನೆಜ್‌ರ ಬ್ಯಾಟಿಂಗ್ ಸರಾಸರಿ .312, ಕ್ರಿಕೆಟಿನ ಸರಾಸರಿಯಂತಲ್ಲ, ಸಾವಿರ ಸಲ ಬ್ಯಾಟ್ ಮಾಡಿದರೆ 312 ಸಲ ಹೊಡೆತ ಫಲಿಸಿತು ಅಂತ ಲೆಕ್ಕ. ಗರಿಗರಿಯಾಗಿರುತ್ತದೆ. ಕಾಲು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ತೊಂದರೆ.

ಪ್ರ: ನಮ್ಮ ತಮ್ಮ ಇರುವುದು ಅಮೆರಿಕದಲ್ಲಲ್ಲ, ಜಪಾನಿನ ಒಸಾಕಾದಲ್ಲಿ. ಅಲ್ಲೂ ಬೇಸ್‌ಬಾಲ್ ಇದೆ ಅಂತಾನೆ.
(ಅಂಗಡಿ ಮಾಲೀಕರು, ಅರಸೀಕೆರೆ)

ಉ: ಇದೆ ಅನ್ನುವುದೇನು, ಅಲ್ಲಿ ಅದೇ ಉಸಿರು. ಒಸಾಕಾದಿಂದ ಹ್ಯಾನ್ಶಿನ್ ರೈಲು ಹತ್ತಿದರೆ ಕೋಶಿಯೆನ್ ನಿಲ್ದಾಣ, ಇಳಿದರೆ ಎದುರಿಗೇ ಮೈದಾನ. 1924ರದ್ದು. ಹ್ಯಾನ್ಶಿನ್ ಟೈಗರ್ಸ್ ಅಲ್ಲಿನ ತಂಡ. ಆಗಸ್ಟಿನಲ್ಲಿ ಹೈಸ್ಕೂಲ್ ಹುಡುಗರ ಪಂದ್ಯಾವಳಿ ನಡೆಯುತ್ತದೆ, ಇಡೀ ದೇಶ ಟಿವಿ ಮುಂದೆ ಕೂರುತ್ತದೆ. ತಿಂಡಿಗೆ ಕೋಶಿಯೆನ್ ಕರಿ ಹೆಸರುವಾಸಿ, ಅನ್ನದ ಮೇಲೆ ಗಟ್ಟಿ ಸಾರು ಸುರಿದ ಹಾಗಿರುತ್ತದೆ, ಖಾರ ನಮಗೆ ಏನೂ ಅಲ್ಲ. ಸಾರಿನಲ್ಲಿ ಮಾಂಸ ಇರುತ್ತದೆ, ಸಸ್ಯಾಹಾರಿಯಾದರೆ ಎಡಮಾಮೆ ಅಂತ ಉಪ್ಪು ನೀರಲ್ಲಿ ಬೇಯಿಸಿದ ಸೋಯಾ ಕಾಯಿ ತಗೊಳ್ಳಿ, ನಮ್ಮ ಅವರೆಕಾಯಿ ಸೀಸನ್ ನೆನಪಾಗುತ್ತದೆ. ಬೆನ್ನಿಗೆ ಬಿಯರ್ ಪೀಪಾಯಿ ಕಟ್ಟಿಕೊಂಡ ಹುಡುಗಿಯರು ಮೆಟ್ಟಿಲು ಹತ್ತಿ ಇಳಿದು ಮಾರುತ್ತಿರುತ್ತಾರೆ. ಅವರ ಕಾಲಿನ ಶಕ್ತಿ ಆಟಗಾರರಿಗೂ ಇರಲಿಕ್ಕಿಲ್ಲ.

ಪ್ರ: ಅಮೆರಿಕ, ಜಪಾನ್ ಎಲ್ಲ ನಮಗೆ ಸದ್ಯಕ್ಕೆ ಆಗದ ಮಾತು. ಆ ಬೆಳ್ಳುಳ್ಳಿ ಫ್ರೈಸ್ ಮನೆಯಲ್ಲಿ ಮಾಡುವುದು ಹೇಗೆ ಹೇಳಿ. ಮತ್ತೆ ನಮ್ಮ ದೇಶದವರು ಯಾರಾದರೂ ಅಲ್ಲಿ ಆಡಿದ್ದಾರಾ?
(ಪಿಯು ವಿದ್ಯಾರ್ಥಿನಿ, ಬೇಲೂರು)

ಉ: ಎರಡನೆಯದಕ್ಕೆ ಮೊದಲು ಉತ್ತರ. 2008ರಲ್ಲಿ ಇಲ್ಲಿ ನಡೆದ ಒಂದು ಸ್ಪರ್ಧೆಯಿಂದ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರನ್ನು ಆರಿಸಿದರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರಿಬ್ಬರ ಜೊತೆ ಒಪ್ಪಂದ ಮಾಡಿಕೊಂಡಿತು. ಮೈನರ್ ಲೀಗಿನಲ್ಲಿ ಆಡಿದರು, ದೊಡ್ಡ ಲೀಗಿಗೆ ಏರಲಿಲ್ಲ. ಈ ರಿಂಕು ಬೇರೆ, ಕ್ರಿಕೆಟಿನ ರಿಂಕು ಬೇರೆ.

ಈಗ ಫ್ರೈಸ್. ಆಲೂಗಡ್ಡೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಆಗತಾನೇ ಕಿತ್ತ ಎಳೆ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಕರಿದರೆ ಮೆತ್ತಗಾಗುತ್ತದೆ. ಕೋಲ್ಡ್ ಸ್ಟೋರೇಜಿನದ್ದಾದರೆ ಚಳಿಗೆ ಪಿಷ್ಟ ಸಕ್ಕರೆಯಾಗಿರುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಕಿತ್ತು ಒಂದೆರಡು ವಾರ ನೆರಳಲ್ಲಿ ಹರಡಿಟ್ಟ, ಸಿಪ್ಪೆ ಬಲಿತ ಗಡ್ಡೆ ಒಳ್ಳೆಯದು. ಬೆರಳಿನಷ್ಟು ದಪ್ಪಕ್ಕೆ ಹೆಚ್ಚಿ ನೀರಿನಲ್ಲಿ ಅರ್ಧ ಗಂಟೆ ಇಡಿ. ನೀರು ಬಿಳಿಯಾಗುತ್ತದೆ, ಅದನ್ನು ಚೆಲ್ಲಿ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಮೊದಲು ಹದ ಉರಿಯಲ್ಲಿ ಬಣ್ಣ ಬರದ ಹಾಗೆ ಬೇಯುವಷ್ಟು ಕರಿದು ತೆಗೆದು ಆರಲು ಬಿಡಿ. ಆಮೇಲೆ ಉರಿ ಜೋರು ಮಾಡಿ ಇನ್ನೊಮ್ಮೆ ಕರಿಯಿರಿ, ಈಗ ಗರಿಗರಿಯಾಗುತ್ತದೆ.

ಬೆಳ್ಳುಳ್ಳಿಯನ್ನು ಜಜ್ಜಬೇಡಿ, ಸಣ್ಣಗೆ ಹೆಚ್ಚಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೋ ಬೆಣ್ಣೆಗೋ ಹಾಕಿ, ಹಸಿ ವಾಸನೆ ಹೋದ ತಕ್ಷಣ ಇಳಿಸಿ. ಕೆಂಪಾಗುವವರೆಗೆ ಬಿಟ್ಟರೆ ಒಗ್ಗರಣೆ ಆಗುತ್ತದೆ, ಫ್ರೈಸ್ ಆಗುವುದಿಲ್ಲ. ಪಾರ್ಸ್ಲಿ ಬೇಲೂರಿನಲ್ಲಿ ಹುಡುಕಬೇಡಿ, ಕೊತ್ತಂಬರಿ ಸೊಪ್ಪು ಸಾಕು. ಅಗಲ ಪಾತ್ರೆಯಲ್ಲಿ ಬಿಸಿ ಫ್ರೈಸ್, ಬೆಳ್ಳುಳ್ಳಿ, ಸೊಪ್ಪು, ಉಪ್ಪು ಹಾಕಿ ಎತ್ತಿ ಎತ್ತಿ ಕುಲುಕಿ. ನಾಲ್ಕು ಜನರಿಗೆ ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ ಹಾಕಿ, ಜಿಪುಣತನ ಬೇಡ.

ಪ್ರ: ಮಳೆ ಬಂದರೆ ಟಿಕೆಟ್ ದುಡ್ಡು ಹೋಯಿತಾ?
(ಓದುಗರು, ಕೊಪ್ಪ)

ಉ: ಕೊಪ್ಪದವರಿಗೆ ಮೊದಲು ಮಳೆಯದ್ದೇ ಚಿಂತೆ! ಇಲ್ಲ, ಹೋಗುವುದಿಲ್ಲ. ಮಳೆ ಬಂದರೆ ಟಾರ್ಪಾಲು ಹೊದಿಸಿ ಕಾಯುತ್ತಾರೆ, ಆಟ ರದ್ದಾದರೆ ಇನ್ನೊಂದು ದಿನ ಅದೇ ಟಿಕೆಟಿನಲ್ಲಿ ನೋಡಬಹುದು. ನೀವು ಅಷ್ಟರಲ್ಲಿ ಊರಿಗೆ ವಾಪಸ್ ಬರುವವರಾದರೆ ಟಿಕೆಟನ್ನು ಮಕ್ಕಳ ಹೆಸರಿನಲ್ಲೇ ತಗೊಳ್ಳಿ, ಅವರಾದರೂ ಹೋಗಲಿ. ಮಳೆಯ ಉಸಾಬರಿಯೇ ಬೇಡ ಅನ್ನುವವರು ಟೊರಾಂಟೊ, ಮಿಲ್ವಾಕಿ, ಹ್ಯೂಸ್ಟನ್, ಸಿಯಾಟಲ್ ಕಡೆ ಹೋಗಿ, ಅಲ್ಲೆಲ್ಲ ಬೇಕಾದಾಗ ಮುಚ್ಚುವ ಚಾವಣಿ ಇದೆ. ಮಿಲ್ವಾಕಿಗೆ ಹೋದರೆ ಬ್ರಾಟ್‌ವುರ್ಸ್ಟ್ ಸಾಸೇಜ್ ತಗೊಂಡು ಆರನೇ ಇನಿಂಗ್ಸಿನ ಹೊತ್ತಿಗೆ ಸೀಟಿಗೆ ಬಂದುಬಿಡಿ. ಸಾಸೇಜ್ ವೇಷ ಹಾಕಿದವರ ಓಟದ ಪಂದ್ಯ ಇರುತ್ತದೆ.